ಮೊಸರಮ್ಮನ ಗಂಡನ ರಕ್ತ

ಸೂಜಿ ಚುಚ್ಚುವ ಮುಂಚೆ ನಾನು ಹೆಸರು ಕೇಳುತ್ತಿದ್ದೆ. ಗುರುತಿದ್ದವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಸ್ವಂತ ಚಿಕ್ಕಪ್ಪ ಬಂದು ತೋಳು ಚಾಚಿದಾಗಲೂ, "ನಿಮ್ಮ ಹೆಸರು? ತಂದೆ ಹೆಸರು?" ಎಂದೆ. ಅವರು ಕಣ್ಣು ಕೆಕ್ಕರಿಸಿ, "ನಿನ್ನ ತಾತನ ಹೆಸರು ನಿನಗೆ ಗೊತ್ತಿಲ್ವೇನೇ, ಕತ್ತೆ?" ಎಂದು ಗದರಿದರು. ಗೊತ್ತಿಲ್ಲದೆ ಏನು? ಆದರೂ ಅವರ ಬಾಯಿಂದಲೇ ಹೇಳಿಸಿ, ಚೀಟಿಯಲ್ಲಿ ಬರೆದು, ಅಂಟಿಸಿದ ಮೇಲೆಯೇ ಸೂಜಿ ಹಿಡಿದದ್ದು. "ಆಯಮ್ಮನಿಗೆ ಎಲ್ಲೋ ಒಂಚೂರು ಸಡಿಲ" ಎಂದು ಜನ ಆಡಿಕೊಂಡಿದ್ದೂ ಉಂಟು. ಆಡಿಕೊಳ್ಳಲಿ. ಈ ಚಾಳಿ ನನಗೆ ಹತ್ತಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಮಂಡ್ಯದಲ್ಲಿ, ಮೊಸರು ಮಾರುವ ಒಬ್ಬ ಹೆಂಗಸಿನ ದೆಸೆಯಿಂದ.

ಆಗ ನನಗೆ ಇಪ್ಪತ್ಮೂರು. ಮನೆ ಮದ್ದೂರಿನಲ್ಲಿ, ಅಪ್ಪ ಸ್ಕೂಲು ಮೇಷ್ಟ್ರು. ಬೆಂಗಳೂರಿನಲ್ಲಿ ಲ್ಯಾಬಿನ ತರಬೇತಿ ಮುಗಿಸಿ ಬಂದವಳು ಮಂಡ್ಯದ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿಕೊಂಡಿದ್ದೆ. ಡಾಕ್ಟರು ಮಳವಳ್ಳಿ ಕಡೆಯವರು, ಮಾತು ಕಡಿಮೆ, ಕಾಫಿ ಜಾಸ್ತಿ. ಕ್ಲಿನಿಕ್ಕಿನ ಹಿಂದುಗಡೆ ಒಂದು ಕೋಣೆ, ಅದರಲ್ಲಿ ಒಂದು ಮೈಕ್ರೋಸ್ಕೋಪು, ಒಂದು ಸ್ಪಿರಿಟ್ ಸ್ಟೌ, ಮೂರು ಸ್ಟೂಲು, ನಾನು. ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಬಂದರೆ ಸಂಜೆ ವಾಪಸ್ಸು. ಆ ಕೋಣೆಗೆ ನಾನೇ ರಾಣಿ. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು, ಮೇಲೆ ಬಿಳಿ ಕೋಟು ಬೇರೆ ಸಿಕ್ಕಿತ್ತು. ಹಳ್ಳಿಯವರು ನನಗೆ 'ರಕ್ತದಮ್ಮ' ಎಂದು ಹೆಸರಿಟ್ಟಿದ್ದರು.

ಹೆಸರಿಗೆ ತಕ್ಕ ಕೆಲಸವೇ. ನನ್ನ ಕೈಯಲ್ಲಿದ್ದ ದೊಡ್ಡ ಪರೀಕ್ಷೆ ಎಂದರೆ ಇ.ಎಸ್.ಆರ್. ರಕ್ತಕ್ಕೆ ಹೆಪ್ಪುಗಟ್ಟದ ಹಾಗೆ ಔಷಧಿ ಬೆರೆಸಿ, ಉದ್ದನೆಯ ಸಪೂರ ಗಾಜಿನ ಕೊಳವೆಗೆ ಏರಿಸಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ಗಂಟೆ ಕಾಯಬೇಕು. ಕೆಂಪು ಕೆಳಗಿಳಿಯುತ್ತದೆ, ಮೇಲೆ ಹಳದಿ ತಿಳಿ ನಿಲ್ಲುತ್ತದೆ. ಗಟ್ಟಿ ಆರೋಗ್ಯದವರ ರಕ್ತ ಸ್ವಲ್ಪವೇ ಇಳಿಯುತ್ತದೆ. ಮೈಯೊಳಗೆ ಎಲ್ಲೋ ದೊಡ್ಡ ಕಾಯಿಲೆ ಇದ್ದರೆ ಸರಸರನೆ ಇಳಿಯುತ್ತದೆ. ಕಾಯಿಲೆ ಯಾವುದು, ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಊರಾಚೆ ಹೊಗೆ ಕಂಡರೆ ಎಲ್ಲೋ ಬೆಂಕಿ ಬಿದ್ದಿದೆ ಎಂದು ಗೊತ್ತಾಗುತ್ತದಲ್ಲ, ಅಷ್ಟೇ. ಈಗ ಪತ್ರಿಕೆಯಲ್ಲಿ ಓದುತ್ತೇನೆ, ಶ್ವಾಸಕೋಶದಲ್ಲಿರುವ ಗಂಟಿನ ಚೂರುಪಾರನ್ನು ರಕ್ತದಲ್ಲೇ ಹುಡುಕಿ ಹಿಡಿಯುತ್ತಾರಂತೆ, ಯಾವ ಔಷಧಿ ನಾಟುತ್ತದೆ ಎಂಬುದನ್ನೂ ಅದೇ ರಕ್ತ ನೋಡಿ ಹೇಳುತ್ತಾರಂತೆ. ಓದಿದಾಗಲೆಲ್ಲ ನನ್ನ ಗಾಜಿನ ಕೊಳವೆ ನೆನಪಾಗಿ ನಗು ಬರುತ್ತದೆ.

ಆ ಕೊಳವೆಗೆ ರಕ್ತವನ್ನು ಬಾಯಿಂದ ಹೀರಿ ಏರಿಸಬೇಕಿತ್ತು. ಒಂದು ಗೀಟು ಮೀರಿದರೆ ಬಾಯಿಗೇ ಬರುತ್ತಿತ್ತು. ಇದು ಅಮ್ಮನಿಗೆ ಗೊತ್ತಾದ ದಿನ ಮನೆಯಲ್ಲಿ ರಂಪ. "ಅವರಿವರ ರಕ್ತ ಬಾಯಲ್ಲಿ ಹೀರೋಳಿಗೆ ಯಾವ ಗಂಡು ಸಿಗ್ತಾನೇ?" ಎಂದು ಹಣೆ ಚಚ್ಚಿಕೊಂಡಳು. ಅಂದಿನಿಂದ ಸಂಜೆ ರೈಲಿಳಿದು ಬಂದರೆ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೇ ಅಡುಗೆಮನೆಗೆ ಪ್ರವೇಶ. ಗಂಡು ಆಮೇಲೆ ಸಿಕ್ಕಿತು, ಆ ಮಾತು ಬೇರೆ.

ಇನ್ನು ಮೊಸರಮ್ಮ. ಹತ್ತಿರದ ಹೊಳಲು ಎಂಬ ಹಳ್ಳಿಯಿಂದ ದಿನಾ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಮಂಡ್ಯಕ್ಕೆ ಬರುತ್ತಿದ್ದಳು. ನಾಲ್ಕಾರು ಮನೆಗೆ ಹಾಕಿ, ಕೊನೆಗೆ ನಮ್ಮ ಡಾಕ್ಟರ ಮನೆಗೆ ಸುರಿದು, ಕ್ಲಿನಿಕ್ಕಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನನ್ನ ಕೆಲಸ ನೋಡುತ್ತಿದ್ದಳು. ಒಂದು ದಿನ ಕೊಳವೆಗಳನ್ನು ಬಹಳ ಹೊತ್ತು ದಿಟ್ಟಿಸಿ, "ಇದೇನವ್ವ ದೊಡ್ ಇದ್ಯೆ? ಒಳ್ಳೆ ಮೊಸ್ರು ಗಟ್ಟಿಗೆ ನಿಂತ್ಕತ್ತದೆ, ಕೆಟ್ ಮೊಸ್ರು ಬ್ಯಾಗ ನೀರು ಬುಡ್ತದೆ. ನಿನ್ ರಕ್ತಾನೂ ಅಂಗೇ ತಾನೆ?" ಎಂದಳು. ತರಬೇತಿಯಲ್ಲಿ ಒಂದು ತಿಂಗಳು ಕೊರೆದು ಹೇಳಿಕೊಟ್ಟದ್ದನ್ನು ಅವಳು ಎಲೆಗೆ ಸುಣ್ಣ ಸವರುತ್ತ ಹೇಳಿಬಿಟ್ಟಿದ್ದಳು. ನನಗೆ ಸ್ವಲ್ಪ ಮುಖಭಂಗವೂ ಆಯಿತು.

ಒಂದು ಬೆಳಿಗ್ಗೆ ಅವಳು ಎಲೆ ಅಡಿಕೆಯ ಚೀಲ ಬಿಚ್ಚಲಿಲ್ಲ. ಏನೆಂದು ಕೇಳಿದೆ.

"ನಮ್ ಯಜಮಾನ್ರು ಮೂರ್ ತಿಂಗ್ಳಿಂದ ಕೆಮ್ತಾ ಅವ್ರೆ ಕಣವ್ವ. ಅಕ್ಕಿ ಮಿಲ್ಲಲ್ಲಿ ಕೆಲ್ಸ. ರಾತ್ರಿ ಎಲ್ಲ ಗೊಳ್ ಗೊಳ್ ಅಂತ ಕೆಮ್ಮು. ನಮ್ ಬೀದೀಲಿ ಒಬ್ರು ಇಂಗೇ ಕೆಮ್ಕಂಡು ಕೆಮ್ಕಂಡು ಹೋದ್ರು. ಎದೇಲಿ ಗಂಟಾಗಿತ್ತಂತೆ, ಕ್ಯಾನ್ಸರಂತೆ. ನಂಗೆ ಅನ್ನ ಸೇರಾಕಿಲ್ಲ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಅಳಬೇಡ. ಕರ್ಕೊಂಡು ಬಾ. ಡಾಕ್ಟರು ನೋಡಲಿ" ಎಂದೆ.

ಡಾಕ್ಟರು ನೋಡಿದರು. ಕ್ಷಯವೂ ಇರಬಹುದು, ಗಂಟೂ ಇರಬಹುದು, ಏನೂ ಇಲ್ಲದೆಯೂ ಇರಬಹುದು ಎಂದರು. ಮೂರು ದಿನ ಕಫ, ಎದೆಯ ಎಕ್ಸರೆ, ರಕ್ತ ಎಂದು ಚೀಟಿ ಬರೆದರು. ಕಫ ಡಬ್ಬಿಯಲ್ಲಿ ಅವಳೇ ತಂದಳು. ಎಕ್ಸರೆಗೆ ಬೇರೆ ಕಡೆ ಹೋಗಿ ಬಂದರು. ರಕ್ತಕ್ಕೆ ಸೋಮವಾರ ಬರಲು ಹೇಳಿ, ಮುಂಚಿತವಾಗಿಯೇ ಚೀಟಿ ಬರೆದಿಡೋಣ ಎಂದು ನಾನು ಅವಳನ್ನು ಕೇಳಿದೆ: "ನಿನ್ನ ಗಂಡನ ಹೆಸರೇನು?"

ಅವಳು ನಾಚಿ, ಬಾಯಿಗೆ ಸೆರಗು ಒತ್ತಿ, "ಅಯ್, ನಾನ್ ಎಂಗವ್ವ ಯೋಳ್ಲಿ?" ಎಂದಳು.

ಗಂಡನ ಹೆಸರನ್ನು ಹೆಂಗಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಆಯುಸ್ಸಿನದೇ ಚಿಂತೆಯಲ್ಲಿದ್ದವಳ ಹತ್ತಿರ ಹೇಗೆ ಒತ್ತಾಯ ಮಾಡಲಿ? ಅತ್ತ ನನ್ನ ರೈಲಿಗೆ ಹೊತ್ತಾಗಿತ್ತು. ಚೀಟಿಯಲ್ಲಿ 'ಮೊಸರಮ್ಮನ ಗಂಡ, ಹೊಳಲು' ಎಂದು ಬರೆದಿಟ್ಟು ಓಡಿದೆ. ಡಾಕ್ಟರು ಅವನನ್ನು ನೋಡಿದ ದಿನ ನಾನು ಮದ್ದೂರಿನಲ್ಲಿ ಚಿಕ್ಕಮ್ಮನ ಮಗಳ ಸೀಮಂತದಲ್ಲಿದ್ದೆ. ಅವನ ಮುಖ ನಾನು ಕಂಡಿರಲೇ ಇಲ್ಲ.

ಸೋಮವಾರ ಒಬ್ಬ ಆಳೆತ್ತರದ ಮನುಷ್ಯ ಬಾಗಿ ಒಳಗೆ ಬಂದ. ಹುರಿ ಮೀಸೆ, ಮೈಯೆಲ್ಲ ಬೆಲ್ಲದ ಘಮಲು. "ಮೊಸರಮ್ಮನ ಕಡೆಯೋರಾ?" ಎಂದೆ. "ಊಂ ಕಣವ್ವ" ಎಂದು ಸ್ಟೂಲಿನ ಮೇಲೆ ಕೂತು, ಮರದ ಕೊರಡಿನಂಥ ತೋಳನ್ನು ಚಾಚಿದ. ಇಂಥ ಗಟ್ಟಿ ಆಸಾಮಿಗೆ ಇವಳು ಇಷ್ಟು ಹೆದರಿಕೊಂಡಿದ್ದಾಳಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಸೂಜಿ ಚುಚ್ಚಿದರೆ ರೆಪ್ಪೆಯೂ ಅಲುಗಲಿಲ್ಲ. "ಬೇಕಾದ್ರೆ ಇನ್ನೊಂದ್ ಚೊಂಬು ತಗೊ" ಎಂದ.

ಗಂಟೆಯ ಕೊನೆಗೆ ಕೊಳವೆ ನೋಡಿ ನನ್ನ ನಗು ಹಾರಿಹೋಯಿತು. ಕೆಂಪು ಅರ್ಧಕ್ಕಿಂತ ಕೆಳಗೆ ಇಳಿದು ಕೂತಿತ್ತು. ಅಂಥ ಇಳಿತವನ್ನು ಆ ಕೋಣೆಯಲ್ಲಿ ನಾನು ಕಂಡದ್ದೇ ಅಪರೂಪ.

ಡಾಕ್ಟರು ಎಕ್ಸರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಒಂದು ಲೋಟ ಕಾಫಿ ಕುಡಿದು ಮತ್ತೆ ಹಿಡಿದರು. "ಎದೆ ಚೊಕ್ಕಟವಾಗಿದೆಯಲ್ಲಮ್ಮ. ಕಫದಲ್ಲೂ ಏನೂ ಇಲ್ಲ. ನಿನ್ನ ರಕ್ತ ಮಾತ್ರ ಹೀಗೆ ಕೂಗಿಕೊಳ್ತಿದೆ. ತಪ್ಪೇನಾದ್ರೂ ಆಯ್ತೇನು?"

ತಪ್ಪು! ನನ್ನದು! ಮೈಯೆಲ್ಲ ಉರಿದುಹೋಯಿತು. "ನನ್ನ ಕೊಳವೆ ಸುಳ್ಳು ಹೇಳೋದಿಲ್ಲ ಡಾಕ್ಟ್ರೇ. ಎಕ್ಸರೆಯವರನ್ನೇ ಕೇಳಿ" ಎಂದೆ. ಅವರು ತಮ್ಮ ಅಭ್ಯಾಸದಂತೆ ಮೀಸೆಯೊಳಗೇ ನಕ್ಕು, "ಕೋಪ ಬೇಡ. ಮುಂದಿನ ವಾರ ಇನ್ನೊಂದು ಸಲ ತೆಗಿ" ಎಂದರು.

ಆ ವಾರ ಮೊಸರಮ್ಮ ಪಟ್ಟ ಪಾಡು ದೇವರಿಗೇ ಪ್ರೀತಿ. ರಕ್ತ ಕೆಟ್ಟಿದೆ ಎಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಅವಳ ಭಾವ, ಅಂದರೆ ಗಂಡನ ಅಣ್ಣ, ಆಲೆಮನೆಯ ಕೆಲಸ ಬಿಟ್ಟು ಶನಿವಾರ ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಹರಕೆ ಹೊತ್ತು ಬಂದನಂತೆ. ಆ ಭಾವ ಹೆಂಡತಿ ಸತ್ತವನು, ಮಕ್ಕಳಿಲ್ಲ. ತಂದೆ ತಾಯಿ ಬೇಗ ಹೋದ ಮೇಲೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಗೇಯ್ದು ಸಾಕಿದವನಂತೆ. ಇದನ್ನೆಲ್ಲ ಹೇಳುವಾಗ ಅವಳು ದನಿ ತಗ್ಗಿಸುತ್ತಿದ್ದಳು. ಭಾವನ ಎದುರಿಗೆ ಅವಳು ನಿಲ್ಲುತ್ತಿರಲಿಲ್ಲ, ಮದುವೆಯಾಗಿ ಹದಿನೆಂಟು ವರ್ಷವಾದರೂ ಅವನ ಜೊತೆ ಒಂದು ಮಾತು ಆಡಿರಲಿಲ್ಲ. ಊಟಕ್ಕೆ ಕರೆಯಬೇಕಾದರೂ ಪಾತ್ರೆ ಸದ್ದು ಮಾಡಿ ತಿಳಿಸುತ್ತಿದ್ದಳಂತೆ. ಗೌರವ ಅಂದರೆ ಹಾಗೆ.

ಮುಂದಿನ ಸೋಮವಾರ ಅವಳು ಗಂಡನನ್ನು ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಬಾಗಿಲಲ್ಲಿ ನಿಂತವನು ಕಡ್ಡಿಯಂಥ ಮನುಷ್ಯ. ತಲೆಯ ತುಂಬ ತೌಡಿನ ಧೂಳು, ಸೂಜಿ ಕಂಡ ಕೂಡಲೇ ಎರಡು ಹೆಜ್ಜೆ ಹಿಂದೆ ಹೋದ.

"ಇವರ್ಯಾರು?" ಎಂದೆ.

"ನಮ್ ಯಜಮಾನ್ರು ಕಣವ್ವ."

"ಹಾಗಾದ್ರೆ ಅವತ್ತು ಬಂದವರು? ಹುರಿ ಮೀಸೆಯೋರು?"

ಮೊಸರಮ್ಮ ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಅಷ್ಟರಲ್ಲಿ ಹೊರಗೆ ಜಗಲಿಯಲ್ಲಿ ಒಂದು ಕೆಮ್ಮು ಕೇಳಿಸಿತು. ಹುರಿ ಮೀಸೆಯವನು ಅಲ್ಲೇ ಕೂತಿದ್ದ. ಮೊಸರಮ್ಮ ತಟಕ್ಕನೆ ಸೆರಗು ತಲೆಗೆ ಎಳೆದುಕೊಂಡು ಬಾಗಿಲ ಮರೆಗೆ ಸರಿದಳು. ಆಗ ನನಗೆ ಅರ್ಥವಾಯಿತು, ಅವನೇ ಅವಳ ಭಾವ. ಕಳೆದ ವಾರವೂ ಭಾವ ಜೊತೆಯಲ್ಲಿ ಬಂದಿದ್ದರಿಂದಲೇ ಅವಳು ಒಳಗೆ ಬಾರದೆ ದೂರ ಬೇವಿನ ಮರದ ಕೆಳಗೆ ಕೂತಿದ್ದಳು. ರಕ್ತ ಕೊಟ್ಟವರು ಯಾರು ಎಂದು ಅವಳು ನೋಡೇ ಇರಲಿಲ್ಲ.

ನನ್ನ ಕೋಪ ನೆತ್ತಿಗೇರಿತು. "ಏನ್ರೀ ಇದು! ಇವರ ಹೆಸರಲ್ಲಿ ನೀವು ರಕ್ತ ಕೊಟ್ರಾ? ಇದೇನು ನ್ಯಾಯಬೆಲೆ ಅಂಗಡಿ ಕ್ಯೂ ಅಂದ್ಕೊಂಡ್ರಾ, ಒಬ್ಬರ ಬದಲಿಗೆ ಇನ್ನೊಬ್ಬರು ನಿಲ್ಲೋದಕ್ಕೆ?"

ಅಣ್ಣ ಎದ್ದು ಬಂದ. ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇಲ್ಲ. "ಅವ್ನು ಸೂಜಿ ಕಂಡ್ರೆ ಎದುರ್ಕತಾನೆ ಕಣವ್ವ, ಮೊದ್ಲೇ ನಿತ್ರಾಣ. ಅವನ್ ಮೈಲಿ ಇರೋದೇ ಒಂದ್ ಪಾವು ರಕ್ತ. ಅದ್ನೂ ನೀವು ತಕ್ಕಂಡ್ರೆ ಎಂಗೆ? ಇಬ್ರೂ ಒಂದೇ ಒಟ್ಟೇಲಿ ಉಟ್ಟೋರು, ಒಂದೇ ತಾಯಿ ಆಲು ಕುಡ್ದೋರು. ರಕ್ತ ಬ್ಯಾರೆ ಆಯ್ತದಾ? ಅದ್ಕೇ ಟೀ ಅಂಗ್ಡೀಲಿ ಕೂತ್ಕಳ್ಳಾ ಅಂತ ಅವನ್ನ ಕಳ್ಸಿ ನಾನೇ ಬಂದೆ."

ಇನ್ನು ಯಾವ ಬಾಯಲ್ಲಿ ಬೈಯಲಿ? ಹೆಸರು ಕೇಳದೆ ಚುಚ್ಚಿದವಳು ನಾನೇ ಅಲ್ಲವೆ? ತಮ್ಮನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಎಂತೋ ರಕ್ತ ತೆಗೆದೆ. ಗಂಟೆಯಾದ ಮೇಲೆ ನೋಡಿದರೆ ಕೆಂಪು ಒಂದು ಬೆರಳಗಲವೂ ಇಳಿದಿರಲಿಲ್ಲ. ತಮ್ಮನದು ಗಟ್ಟಿ ಮೊಸರು! ತೌಡಿನ ಧೂಳಿಗೆ ಬಂದ ಕೆಮ್ಮು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು ಎಂದರು ಡಾಕ್ಟರು. ಮೊಸರಮ್ಮ ನನ್ನ ಎರಡು ಕೆನ್ನೆಗೂ ನೆಟಿಗೆ ಮುರಿದು, ಮಾರಾಟಕ್ಕೆ ಇಟ್ಟಿದ್ದ ಮೊಸರನ್ನೆಲ್ಲ ನಮ್ಮ ಲೋಟ, ತಟ್ಟೆ, ಔಷಧಿ ಅಳೆಯುವ ಜಾಡಿ ಎನ್ನದೆ ಎಲ್ಲದಕ್ಕೂ ಸುರಿದುಬಿಟ್ಟಳು. ಮುಂದುಗಡೆ ಔಷಧಿ ಕಟ್ಟಿಕೊಡುವ ಕಾಂಪೌಂಡರು ಎರಡು ಲೋಟ ಕುಡಿದರು. ನಾವೆಲ್ಲ ನಗುತ್ತಿದ್ದೆವು.

ಡಾಕ್ಟರು ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟು, "ಹಾಗಾದ್ರೆ ಆ ಕೆಟ್ಟ ರಕ್ತ ಇವರದೇ ಆಯ್ತಲ್ಲಮ್ಮ?" ಎಂದು ಹುರಿ ಮೀಸೆಯವನ ಕಡೆ ತಿರುಗಿದರು.

ಕೈಯಲ್ಲಿದ್ದ ಮೊಸರಿನ ಲೋಟ ನನಗೆ ಭಾರವಾಯಿತು.

"ನಂಗೇನಾಗದೆ ಡಾಕ್ಟ್ರೇ? ಕಲ್ಲು ತಿಂದು ಕರಗುಸ್ಕತೀನಿ" ಎಂದು ಅವನು ನಕ್ಕ. ಡಾಕ್ಟರು ಬಿಡಲಿಲ್ಲ. ಬೀಡಿ ಎಷ್ಟು? ದಿನಕ್ಕೆ ಎರಡು ಕಟ್ಟು. ತೂಕ ಇಳಿದಿದೆಯೆ? ತೂಕ ಯಾರು ನೋಡಿದವರು, ಉಡುದಾರವನ್ನು ಮಾತ್ರ ಈಚೆಗೆ ಎರಡು ಸಲ ಬಿಗಿಮಾಡಿಕೊಂಡಿದ್ದನಂತೆ. ಅಂದೇ ಎಕ್ಸರೆಗೆ ಕಳಿಸಿದರು. ಬಲಗಡೆಯ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಗಂಟು ಕೂತಿತ್ತು.

ಬೆಂಗಳೂರಿಗೆ ಹೋಗಿ ಬಂದರು. ಅಲ್ಲಿ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ, ಕ್ಯಾನ್ಸರೇ, ಆದರೆ ಇನ್ನೂ ಬೇರೆ ಕಡೆ ಹರಡಿದ ಹಾಗಿಲ್ಲ, ಶ್ವಾಸಕೋಶದ ಆ ಭಾಗವನ್ನು ಕೊಯ್ದು ತೆಗೆದರೆ ಉಳಿಯುವ ದಾರಿ ಇದೆ, ತಿಂಗಳೊಳಗೆ ಬರಬೇಕು ಎಂದರಂತೆ. ಆಸಾಮಿ ಆಗಲಿ ಎಂದು ತಲೆಯಾಡಿಸಿ ಬಂದವನು ಹೊಳಲಿಗೆ ಬಂದು ಆಲೆಮನೆಯ ಒಲೆಯ ಮುಂದೆ ಕೂತುಬಿಟ್ಟ. ಆಪರೇಷನ್ನು ಬೇಡವೇ ಬೇಡ. ತಮ್ಮ ಕಾಲು ಹಿಡಿದ, ಊರ ಹಿರಿಯರು ಹೇಳಿದರು. ಉಹುಂ. ವಾರ ಎರಡು ಕಳೆಯಿತು. ಕೊನೆಗೆ ಡಾಕ್ಟರೇ ಹೇಳಿಕಳಿಸಿ ಅಣ್ಣ ತಮ್ಮ ಇಬ್ಬರನ್ನೂ ಕ್ಲಿನಿಕ್ಕಿಗೆ ಕರೆಸಿದರು. ಮೊಸರಮ್ಮನೂ ಬಂದು ನನ್ನ ಕೋಣೆಯ ಬಾಗಿಲ ಹಿಂದೆ ನಿಂತಳು.

"ಯಾಕೆ ಬೇಡ ಅಂತೀರಿ? ಭಯವೇ?" ಎಂದರು ಡಾಕ್ಟರು.

ಅಣ್ಣ ಮೀಸೆ ನೇವರಿಸಿಕೊಂಡು ಹೇಳಿದ: "ಬಯ ಅಲ್ಲ ಬುದ್ಧಿ. ಈ ಕಾಯ್ಲೆ ಅವುಂದು. ಮುತ್ತತ್ತಿ ಆಂಜನೇಯನ ಮುಂದೆ ನಿಂತು, ಅವನ್ ಕಾಯ್ಲೆ ನಂಗೆ ಕೊಟ್ಬುಡಪ್ಪ, ಅವನ್ ಮಕ್ಳು ಚಿಕ್ಕೋವು ಅಂತ ಕೇಳ್ಕಂಡೆ. ಸ್ವಾಮಿ ಕೊಟ್ಟ. ಅವನ್ ರಕ್ತ ಸರೋಯ್ತು, ನಂದು ಕೆಡ್ತು. ಈಗ ನೀವು ಇದ್ನ ಕಿತ್ತಾಕಿದ್ರೆ ಅದು ಎಲ್ಲಿಗೋಯ್ತದೆ? ತಿರ್ಗಾ ಅವನ ಎದೆಗೇ ಓಯ್ತದೆ. ಇರ್ಲಿ ಬುಡಿ, ನನ್ ತಾವೇ ಇರ್ಲಿ."

ಹಾಗೆ ಹೇಳುವಾಗ ಅವನ ಮುಖದಲ್ಲಿದ್ದದ್ದು ಸಂತೋಷ. ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು. ನನಗೆ ಯಾವಾಗಲೂ ಹಾಗೇ, ಎರಡೂ ಜೋಡಿ ಎತ್ತು. "ಬನ್ನಿ ಇಲ್ಲಿ ಇಬ್ಬರೂ! ರಕ್ತ ಒಂದೇ ಅಂದ್ರಲ್ಲ, ತೋರಿಸ್ತೀನಿ ಬನ್ನಿ" ಎಂದು ಇಬ್ಬರ ರಕ್ತವನ್ನೂ ತೆಗೆದು, ಎರಡು ಕೊಳವೆಗೆ ಏರಿಸಿ, ಒಂದೇ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ನಿಲ್ಲಿಸಿದೆ. ಈ ಸಲ ಇಬ್ಬರ ಹೆಸರನ್ನೂ ಅವರವರ ಬಾಯಿಂದಲೇ ಹೇಳಿಸಿ ಚೀಟಿ ಅಂಟಿಸಿದ್ದೆ.

ಒಂದು ಗಂಟೆ ಆ ಕೋಣೆಯಲ್ಲಿ ಎಲ್ಲರೂ ಗಾಜನ್ನೇ ನೋಡುತ್ತ ಕೂತೆವು. ಡಾಕ್ಟರು ಹೊರಗಿನ ರೋಗಿಗಳನ್ನು ನೋಡಿ ಮಧ್ಯೆ ಮಧ್ಯೆ ಬಂದು ಇಣುಕಿ ಹೋದರು. ತಮ್ಮನ ಕೊಳವೆಯಲ್ಲಿ ಕೆಂಪು ಇದ್ದಲ್ಲೇ ಇತ್ತು. ಅಣ್ಣನದು ಕಣ್ಣೆದುರೇ ಇಳಿಯುತ್ತ ಇಳಿಯುತ್ತ ಅರ್ಧ ದಾಟಿತು. "ನೋಡಿದ್ರಾ? ಒಂದೇ ತಾಯಿ ಮಕ್ಕಳಾದ್ರೂ ರಕ್ತ ಬೇರೆ ಬೇರೆ!" ಎಂದು ನಾನು ಗೆದ್ದವಳಂತೆ ಸೊಂಟಕ್ಕೆ ಕೈಕೊಟ್ಟು ನಿಂತೆ.

ಅಣ್ಣನ ಮುಖ ಅರಳಿತು. "ನಾನ್ ಯೋಳ್ಲಿಲ್ವಾ ಮತ್ತೆ? ಅವುಂದು ಎಂಗೆ ವಾಸಿಯಾಗದೆ ನೋಡು! ಪೂರಾ ನಂಗೇ ಬಂದದೆ" ಎಂದು ಕೈ ಮುಗಿದ.

ನನ್ನ ಸಾಕ್ಷಿ ನನಗೇ ತಿರುಗಿ ಬಿದ್ದಿತ್ತು. ಡಾಕ್ಟರು ಬಾಗಿಲಲ್ಲಿ ತಲೆ ಕೆರೆದುಕೊಂಡರು. ಅಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ.

"ಭಾವ."

ಬಾಗಿಲ ಹಿಂದಿನಿಂದ ಬಂದ ದನಿ. ಅಣ್ಣ ಎದ್ದವನು ಎದ್ದಂತೆಯೇ ನಿಂತ. ತಮ್ಮನ ಬಾಯಿ ತೆರೆದೇ ಇತ್ತು. ಮೊಸರಮ್ಮ ಒಳಗೆ ಬಂದಳು. ಮೂಗಿನವರೆಗೆ ಸೆರಗು. ಭಾವನ ಮುಖ ನೋಡುವ ಹಾಗಿಲ್ಲ, ಮಾತು ಆಡದೆ ವಿಧಿಯಿಲ್ಲ. ಹಾಗಾಗಿ ನನ್ನ ಮೈಕ್ರೋಸ್ಕೋಪಿನ ಕಡೆ ತಿರುಗಿ ನಿಂತು, ಅದಕ್ಕೇ ಹೇಳುವವಳ ಹಾಗೆ ಶುರುಮಾಡಿದಳು.

"ಮುತ್ತತ್ತಿಗೆ ನೀವೋಗಿದ್ದು ಯಾವತ್ತು? ಸನಿವಾರ. ಈ ಅವ್ವ ನಿಮ್ ರಕ್ತ ತಗದಿದ್ದು ಯಾವತ್ತು? ಅದಕ್ ಮುಂಚಿನ್ ಸೋಮವಾರ. ರಕ್ತ ಅವತ್ತೇ ಕೆಟ್ಟಿತ್ತು. ನೀವು ಕೇಳೋಕ್ ಮುಂಚೇನೇ ಸ್ವಾಮಿ ಕೊಟ್ಬುಟ್ನಾ? ಎಪ್ಪು ಆಕೋಕ್ ಮುಂಚೆ ಆಲು ಮೊಸ್ರಾಯ್ತದಾ?"

ಅಣ್ಣ ಅವಳ ಕಡೆ ನೋಡಲಿಲ್ಲ. ಕೊಳವೆಗಳ ಕಡೆಯೇ ನೋಡುತ್ತಿದ್ದ. ಬೆರಳು ಮಡಚಿ ಸೋಮವಾರ, ಮಂಗಳವಾರ ಎಂದು ಎಣಿಸುವುದು ಕಾಣಿಸಿತು.

"ನಂಗೆ ಅತ್ತೆ ಇಲ್ಲ, ಮಾವ ಇಲ್ಲ. ಬಂದ್ ದಿನದಿಂದ ನಮ್ಮನೇಗೆ ಹಿರಿ ತಲೆ ಅಂತ ಇರೋರು ನೀವೊಬ್ರು. ನೀವ್ ಹೋದ್ರೆ ನಾನು ಯಾರ್ ಮುಂದೆ ಸೆರಗು ಎಳ್ಕಳ್ಲಿ?" ಇಷ್ಟು ಹೊತ್ತಿಗೆ ಅವಳು ಬಿಕ್ಕುತ್ತಿದ್ದಳು. ಹಾಗೇ ಅಳುತ್ತಲೇ ದನಿ ಏರಿಸಿ, "ನಡೀರಿ ಬೆಂಗ್ಳೂರ್ಗೆ! ಬರಾಕಿಲ್ಲ ಅಂದ್ರೆ ಇವತ್ನಿಂದ ನಾನೂ ಒಲೆ ಅಚ್ಚಾಕಿಲ್ಲ!" ಎಂದಳು, ಪಾಪದ ಮೈಕ್ರೋಸ್ಕೋಪಿಗೆ.

ಅಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ತಮ್ಮನಿಗೆ, "ಏನ್ಲಾ, ಬಾಯ್ ಬುಟ್ಕಂಡ್ ನಿಂತಿದ್ದೀಯೆ? ಬಸ್ಸು ಎಷ್ಟೊತ್ಗೆ ಕೇಳ್ಲಾ" ಎಂದ.

ಆಪರೇಷನ್ನು ಆಯಿತು. ಒಂದೂವರೆ ತಿಂಗಳಾದ ಮೇಲೆ ಅವನು ಮಂಡ್ಯದಲ್ಲಿ ಬಸ್ಸು ಇಳಿದಾಗ ಮೀಸೆ ಬಿಟ್ಟರೆ ಮಿಕ್ಕದ್ದೆಲ್ಲ ಅರ್ಧಕ್ಕರ್ಧ ಆಗಿತ್ತು. ಆದರೂ ನಡೆದುಕೊಂಡೇ ಕ್ಲಿನಿಕ್ಕಿಗೆ ಬಂದ. ಬೀಡಿ ಬಿಟ್ಟ. ಆಲೆಮನೆಯ ಒಲೆಗೆ ಬೇರೆ ಆಳನ್ನು ಹಾಕಿ, ತಾನು ದೂರ ಹಗ್ಗದ ಮಂಚದ ಮೇಲೆ ಕೂತು ಎಲ್ಲರನ್ನೂ ಬೈಯುವ ಕೆಲಸ ವಹಿಸಿಕೊಂಡ. ಮೊಸರಮ್ಮನ ವಿಷಯ ಕೇಳಲೇಬೇಡಿ. ಹದಿನೆಂಟು ವರ್ಷ ಕಟ್ಟಿಟ್ಟ ಮಾತು ಒಂದು ಸಲ ಕಟ್ಟೆ ಒಡೆದ ಮೇಲೆ ನಿಲ್ಲಲೇ ಇಲ್ಲ. ಸೆರಗು ಮೂಗಿನವರೆಗೆ ಎಳೆದುಕೊಂಡು, ಗೋಡೆಯನ್ನೋ ಕಂಬವನ್ನೋ ನೋಡುತ್ತ, "ಭಾವ, ಔಸ್ದಿ ಕುಡುದ್ರಾ? ಭಾವ, ಅಲ್ಲಿ ಒಗೇಲಿ ಯಾಕ್ ಕೂತಿದ್ದೀರಿ?" ಎಂದು ದಿನವಿಡೀ ವಿಚಾರಣೆ. "ಇವಳು ಮೂಕಿ ಆಗಿದ್ದಾಗ್ಲೇ ನೆಮ್ದಿ ಇತ್ತು ಕಣವ್ವ" ಎಂದು ಅವನು ನನ್ನ ಹತ್ತಿರ ದೂರು ಹೇಳುತ್ತಿದ್ದ. ಹೇಳುವಾಗ ಮೀಸೆಯ ತುದಿ ನಗುತ್ತಿತ್ತು.

ಗಂಟು ತೆಗೆದ ಮೇಲೂ ಮೂರು ತಿಂಗಳಿಗೊಮ್ಮೆ ಎಕ್ಸರೆ, ರಕ್ತ ನೋಡುತ್ತಿರಬೇಕು, ಕಾಯಿಲೆ ಮತ್ತೆ ತಲೆಯೆತ್ತಿದರೆ ರಕ್ತ ಸುಳಿವು ಕೊಟ್ಟೀತು ಎಂದು ಬೆಂಗಳೂರಿನವರು ಹೇಳಿ ಕಳಿಸಿದ್ದರು. ಮೊದಲ ಸಲ ಬಂದ ದಿನ ನಾನು ಸೂಜಿ ಕುದಿಸಿ, ಚೀಟಿ ತೆಗೆದು, "ಹೆಸರು ಹೇಳಿ" ಎಂದೆ. ಅಣ್ಣ ಸ್ಟೂಲಿನ ಮೇಲೆ ಕೂರಲಿಲ್ಲ. ತೋಳನ್ನು ಎದೆಗೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತ.

ಸೂಜಿಗೆ ಹೆದರುವ ತಮ್ಮ ಅವನನ್ನು ಸರಿಸಿ ಒಳಗೆ ಬಂದ. ಬೆವರುತ್ತಿದ್ದ. ಸ್ಟೂಲಿನ ಮೇಲೆ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಕಡ್ಡಿಯಂಥ ತೋಳನ್ನು ನನ್ನ ಮುಂದೆ ಚಾಚಿದ. ನಾನು ಕೇಳುವ ಮೊದಲೇ ತನ್ನ ಹೆಸರು, ತಂದೆಯ ಹೆಸರು ಹೇಳಿದ. "ಮೊದ್ಲು ನಂದು ತಗಳವ್ವ. ನಂಗೆ ತಿರ್ಗಾ ಬಂದಿಲ್ಲ ಅಂತ ನಮ್ಮಣ್ಣ ಕಣ್ಣಲ್ಲಿ ನೋಡ್ಲಿ. ನೋಡೋಗಂಟ ಅವ್ನು ಕೊಡಾಕಿಲ್ಲ."

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ನನಗೆ ಮದುವೆಯಾಗಿ ಆ ಕ್ಲಿನಿಕ್ಕು ಬಿಡುವವರೆಗೂ ಮೂರು ತಿಂಗಳಿಗೊಮ್ಮೆ ಅಣ್ಣ ತಮ್ಮ ಇಬ್ಬರೂ ಬರುತ್ತಿದ್ದರು, ಒಂದೇ ಸ್ಟ್ಯಾಂಡಿನಲ್ಲಿ ಎರಡು ಕೊಳವೆ ನಿಲ್ಲುತ್ತಿದ್ದವು. ಗಂಟೆ ತುಂಬುವವರೆಗೆ ನಾನೂ, ತಮ್ಮನೂ, ಬಾಗಿಲ ಹಿಂದೆ ಮೊಸರಮ್ಮನೂ ಅಣ್ಣನ ಕೊಳವೆಯನ್ನೇ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅವನು ಒಂದು ದಿನವೂ ಆ ಕಡೆ ಕಣ್ಣು ಹಾಯಿಸಲಿಲ್ಲ. ತಮ್ಮನ ಕೊಳವೆಯನ್ನೇ ನೋಡುತ್ತ ಕೂತಿರುತ್ತಿದ್ದ. ಅದರ ಕೆಂಪು ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ತನ್ನದು ಏನಾಯಿತೆಂದು ಕೇಳದೆಯೇ ಎದ್ದು, ಟವೆಲ್ಲು ಕೊಡವಿ, "ನಡೀಲಾ, ಓಗಮಾ" ಎನ್ನುತ್ತಿದ್ದ.